ಮೇರಿ ಸೀಕೋಲ್ ಕೋರ್ಸ್: ಎಕ್ಸ್‌ರೇ ರೂಮಿನವರು ಮಾಡಲೇಬೇಕಾದದ್ದು

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿರುವ ನಮ್ಮ ಕಡೆಯ ರೇಡಿಯೋಗ್ರಾಫರ್‌ಗಳು ಸಿಕ್ಕಾಗಲೆಲ್ಲ ಕೇಳುವುದು ಒಂದೇ: ಬ್ಯಾಂಡ್ (ಸಂಬಳದ ದರ್ಜೆ) 6ರಿಂದ 7ಕ್ಕೆ ಹೋಗುವುದು ಹೇಗೆ? ಸಿಟಿ ಸ್ಕ್ಯಾನ್ ಬರುತ್ತದೆ, ಎಂಆರ್‌ಐ ಬರುತ್ತದೆ, ನೈಟ್ ಡ್ಯೂಟಿ ಒಬ್ಬರೇ ನಿಭಾಯಿಸುತ್ತೇವೆ. ಆದರೆ ಇಂಟರ್‌ವ್ಯೂನಲ್ಲಿ ಲೀಡರ್‌ಶಿಪ್ ಅಂದ ಕೂಡಲೇ ಮಾತು ನಿಂತುಹೋಗುತ್ತದೆ. ಇಲ್ಲಿ ಅಡ್ವಾನ್ಸ್ಡ್ ಪ್ರಾಕ್ಟೀಸ್‌ಗೆ, ಅಂದರೆ ಮೇಲಿನ ಹಂತದ ಕೆಲಸಕ್ಕೆ, ನಾಲ್ಕು ಕಂಬ ಅಂತಾರೆ: ರೋಗಿಯ ಕೆಲಸ, ಲೀಡರ್‌ಶಿಪ್, ಕಲಿಸುವುದು, ಸಂಶೋಧನೆ. ನಾವು ಮೊದಲನೆಯದನ್ನೇ ಹಿಡಿದುಕೊಂಡು ವರ್ಷಗಟ್ಟಲೆ ಕೂತಿರುತ್ತೇವೆ.

ನಾನು ಮಾಡಿದ್ದು ಎನ್‌ಎಚ್‌ಎಸ್ ಲೀಡರ್‌ಶಿಪ್ ಅಕಾಡೆಮಿಯ ಮೇರಿ ಸೀಕೋಲ್ ಕೋರ್ಸ್. ಮೊದಲ ಸಲ ತಂಡ ನೋಡಿಕೊಳ್ಳುವವರಿಗೆ ಅಂತಲೇ ಇರುವುದು. ಆರು ತಿಂಗಳು, ಹೆಚ್ಚಿನದು ಆನ್‌ಲೈನ್, ಮಧ್ಯೆ ವರ್ಕ್‌ಶಾಪ್‌ಗಳು. ಮೇರಿ ಸೀಕೋಲ್ ಜಮೈಕಾದಲ್ಲಿ ಹುಟ್ಟಿದವರು. ಕ್ರಿಮಿಯಾ ಯುದ್ಧಕ್ಕೆ ನರ್ಸ್ ಆಗಿ ಹೋಗುತ್ತೇನೆ ಅಂದಾಗ ಲಂಡನ್ನಿನಲ್ಲಿ ಬೇಡ ಅಂದರು, ಆಕೆ ಸ್ವಂತ ಖರ್ಚಿನಲ್ಲಿ ಹೋಗಿ ಸೈನಿಕರ ಆರೈಕೆ ಮಾಡಿದರು. ಹೊರಗಿನಿಂದ ಬಂದು ಇಲ್ಲಿ ದುಡಿಯುವ ನನಗೆ ಆ ಹೆಸರೇ ಒಂದು ಧೈರ್ಯ.

ಇದು ರೇಡಿಯಾಲಜಿಗೆ ಅಂತ ಮಾಡಿದ ಕೋರ್ಸ್ ಅಲ್ಲ. ನಮ್ಮ ಗುಂಪಿನಲ್ಲಿ ನರ್ಸ್‌ಗಳು, ಫಿಸಿಯೋಗಳು, ಒಬ್ಬ ಫಾರ್ಮಸಿಸ್ಟ್ ಇದ್ದರು. ನನಗೆ ಜಾಸ್ತಿ ಉಪಯೋಗ ಆಗಿದ್ದೇ ಅದರಿಂದ. ಪೋರ್ಟೆಬಲ್ ಎಕ್ಸ್‌ರೇ ತಗೊಂಡು ವಾರ್ಡಿಗೆ ಹೋದಾಗ ನರ್ಸ್ ಯಾಕೆ ಸಿಡುಕುತ್ತಾರೆ ಅಂತ ಅವರ ಬಾಯಿಂದಲೇ ಕೇಳಿದೆ.

ಕೋರ್ಸ್ ಮುಗಿದ ಮೇಲಿನ ಒಂದು ಸಂಜೆ. ಹೊಸದಾಗಿ ಸೇರಿದ ಹುಡುಗ ಮಂಡಿಯ ಎಕ್ಸ್‌ರೇ ತೆಗೆಯಲು ನಿಂತಿದ್ದ. ಫಾರ್ಮಿನಲ್ಲಿ ಬಲ ಮಂಡಿ ಅಂತಿದೆ, ಅಜ್ಜಿ ಒತ್ತಿ ತೋರಿಸುತ್ತಿರುವುದು ಎಡ ಮಂಡಿ. ಮೊದಲಾಗಿದ್ದರೆ ನಾನೇ ನುಗ್ಗಿ, ಅವನನ್ನು ಪಕ್ಕಕ್ಕೆ ಸರಿಸಿ, ಎಲ್ಲ ಸರಿಮಾಡಿ, ಆಮೇಲೆ ಸ್ಟಾಫ್ ರೂಮಿನಲ್ಲಿ ಗೊಣಗುತ್ತಿದ್ದೆ. ಆವತ್ತು ಹಾಗೆ ಮಾಡಲಿಲ್ಲ. "ಫಾರ್ಮ್ ಇನ್ನೊಂದು ಸಲ ನೋಡ್ತೀಯಾ?" ಅಂತ ಮಾತ್ರ ಕೇಳಿದೆ. ಅವನು ಓದಿದ, ಅಜ್ಜಿಯನ್ನು ಕೇಳಿದ, ಡಾಕ್ಟರಿಗೆ ತಾನೇ ಫೋನ್ ಮಾಡಿದ. ಫಾರ್ಮಿನಲ್ಲೇ ತಪ್ಪಾಗಿತ್ತು. ಮುಂದಿನ ವಾರ ಅವನು ಒಬ್ಬಳು ಸ್ಟೂಡೆಂಟಿಗೆ ಅದೇ ಪ್ರಶ್ನೆ ಕೇಳುವುದು ನನ್ನ ಕಿವಿಗೆ ಬಿತ್ತು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಮನೆಗೆ ಹೋಗಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ಕಷ್ಟ ಇರುವುದು ಟೈಮಿನದು. ನಾನು ಆಗ ಇದ್ದ ಆಸ್ಪತ್ರೆಯಲ್ಲಿ ಓದಲು ಸಮಯ ಕೊಡುತ್ತೇವೆ ಅಂದವರು, ಸ್ಟಾಫ್ ಕಡಿಮೆ ಅಂತ ಎರಡನೇ ವರ್ಕ್‌ಶಾಪಿನ ದಿನವೇ ನನ್ನನ್ನು ಸಿಟಿ ಸ್ಕ್ಯಾನ್ ಡ್ಯೂಟಿಗೆ ಹಾಕಿದರು. ಗೆಳತಿಯೊಬ್ಬಳು ತನ್ನ ರಜೆ ಬಿಟ್ಟು ನನ್ನ ಶಿಫ್ಟ್ ಮಾಡಿದ್ದಕ್ಕೆ ಹೋಗಲು ಆಯಿತು. ಆನ್‌ಲೈನ್ ಪಾಠ ಪೂರ್ತಿ ರಾತ್ರಿ, ಮಗು ಮಲಗಿದ ಮೇಲೆ. ಹಾಗಾಗಿ ಅರ್ಜಿ ಹಾಕುವ ಮೊದಲೇ ವರ್ಕ್‌ಶಾಪ್ ದಿನಗಳನ್ನು ಮ್ಯಾನೇಜರ್ ಹತ್ತಿರ ರೋಟಾದಲ್ಲಿ (ಡ್ಯೂಟಿ ಪಟ್ಟಿಯಲ್ಲಿ) ಬರೆಸಿಕೊಳ್ಳಿ. ಬಾಯಿಮಾತು ನಂಬಬೇಡಿ. ಫೀಸು ಡಿಪಾರ್ಟ್‌ಮೆಂಟ್ ಕೊಡುತ್ತದಾ ಅಂತಲೂ ಆಗಲೇ ಕೇಳಿ.

ಈಗಷ್ಟೇ ಬಂದು ಬ್ಯಾಂಡ್ 5ರಲ್ಲಿ ಇರುವವರು ಅದೇ ಅಕಾಡೆಮಿಯ ಎಡ್ವರ್ಡ್ ಜೆನ್ನರ್ ಕೋರ್ಸಿನಿಂದ ಶುರು ಮಾಡಿ. ಅದು ಉಚಿತ, ಆನ್‌ಲೈನ್, ನಿಮ್ಮ ಬಿಡುವಿಗೆ ತಕ್ಕಂತೆ ಓದಬಹುದು. ನಮ್ಮ ನೋಂದಣಿ ನೋಡಿಕೊಳ್ಳುವ ಎಚ್‌ಸಿಪಿಸಿ ಕೇಳುವ ಸಿಪಿಡಿ (ಕೆಲಸದಲ್ಲಿದ್ದುಕೊಂಡೇ ಮುಂದುವರಿಸುವ ಕಲಿಕೆ) ದಾಖಲೆಗೂ ಸೇರಿಸಿಕೊಳ್ಳಬಹುದು. ನೈಟ್ ಡ್ಯೂಟಿಯ ಬ್ರೇಕಿನಲ್ಲಿ ಒಂದೊಂದೇ ಪಾಠ ಮಾಡಿದರೂ ಸಾಕು.