ಆಸ್ಪತ್ರೆಯ ಲಿನನ್ ಮತ್ತು ಸಮವಸ್ತ್ರ ಸೇವೆ: ಮೂರು ವರ್ಷ ಬಳಸಿದ ಮೇಲಿನ ವಿಮರ್ಶೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ 80 ಹಾಸಿಗೆಗಳ ಖಾಸಗಿ ಆಸ್ಪತ್ರೆಯೊಂದರಲ್ಲಿ ಲಿನನ್ (ಹಾಸು, ಹೊದಿಕೆ, ಟವೆಲ್ ಮುಂತಾದ ಬಟ್ಟೆ), ಸಮವಸ್ತ್ರ ಮತ್ತು ಸ್ವಚ್ಛತೆಯ ಹೊಣೆ ನನ್ನದು. 2022ರ ಜೂನ್‌ವರೆಗೆ ನಮ್ಮ ಬಟ್ಟೆಯನ್ನು ನಾವೇ ಒಗೆಯುತ್ತಿದ್ದೆವು. ನೆಲಮಾಳಿಗೆಯಲ್ಲಿ ಎರಡು ಯಂತ್ರಗಳು, ತಾರಸಿಯ ಮೇಲೆ ಒಣಹಾಕುವ ತಂತಿಗಳು, ಕೊಳವೆಬಾವಿಯ ಗಡಸು ನೀರು. ಎಷ್ಟು ಸೋಪಿನ ಪುಡಿ ಸುರಿದರೂ ಬಿಳಿ ಬೆಡ್‌ಶೀಟ್ ಆರೇಳು ತಿಂಗಳಲ್ಲಿ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಮಳೆಗಾಲದಲ್ಲಿ ಸರಿಯಾಗಿ ಒಣಗದ ಬಟ್ಟೆಯ ಮುಗ್ಗಲು ವಾಸನೆ ವಾರ್ಡಿನವರೆಗೂ ಬರುತ್ತಿತ್ತು. ಕೊನೆಗೆ ಪೀಣ್ಯದ ಕಡೆ ಘಟಕವಿರುವ ಲಾಂಡ್ರಿ ಸಂಸ್ಥೆಯೊಂದಕ್ಕೆ ಕೆಲಸ ಒಪ್ಪಿಸಿದೆವು. ಹಾಸು, ಹೊದಿಕೆ, ಓಟಿ (ಶಸ್ತ್ರಚಿಕಿತ್ಸಾ ಕೊಠಡಿ) ಬಟ್ಟೆಗಳು ನಮ್ಮವೇ, ಅವುಗಳ ಒಗೆತ ಅವರದು. ಸಮವಸ್ತ್ರವನ್ನು ಮಾತ್ರ ಅವರೇ ಹೊಲಿಸಿ, ಬಾಡಿಗೆಗೆ ಕೊಟ್ಟು, ಒಗೆದು ತರುತ್ತಾರೆ. ಇಂಥ ಸೇವೆಯನ್ನು ಪಡೆಯಲು ಯೋಚಿಸುತ್ತಿರುವ ಆಸ್ಪತ್ರೆಗಳವರಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದು: ಕಿಲೋಗೆ ಎಷ್ಟು ಎಂಬ ದರದಲ್ಲಿ ಉಳಿತಾಯ ಹುಡುಕಿ ನಾವು ಒಂದು ವರ್ಷ ಕಳೆದೆವು, ಆದರೆ ಉಳಿತಾಯ ಇದ್ದದ್ದು ನಮ್ಮ ವಾರ್ಡುಗಳ ಒಳಗೆ.

ಮೊದಲು ಒಗೆತದ ಗುಣಮಟ್ಟದ ಬಗ್ಗೆ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ನನಗೆ ದೊಡ್ಡ ತಕರಾರಿಲ್ಲ. ಅವರ ಯಂತ್ರಗಳಿಗೆ ಎರಡು ಬಾಗಿಲು, ನಡುವೆ ಗೋಡೆ. ಕೊಳೆ ಬಟ್ಟೆ ಒಂದು ಕೋಣೆಯಿಂದ ಒಳಹೋಗಿ, ಶುದ್ಧವಾದ ಬಟ್ಟೆ ಇನ್ನೊಂದು ಕೋಣೆಯಲ್ಲಿ ಹೊರಬರುತ್ತದೆ, ಎರಡೂ ಎಲ್ಲಿಯೂ ಸಂಧಿಸುವುದಿಲ್ಲ. 65 ಡಿಗ್ರಿಯಲ್ಲಿ ಕನಿಷ್ಠ 10 ನಿಮಿಷ ಅಥವಾ 71 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ ಬಿಸಿ ನಿಲ್ಲಬೇಕೆಂಬುದು ಬ್ರಿಟನ್ನಿನ ಮಾರ್ಗಸೂಚಿ. ಅದನ್ನೇ ನಾವು ಕರಾರಿನಲ್ಲಿ ಬರೆಸಿ, ಯಂತ್ರದ ತಾಪಮಾನದ ದಾಖಲೆಯನ್ನು ಪ್ರತಿ ತಿಂಗಳು ತರಿಸಿಕೊಳ್ಳುತ್ತೇವೆ. ಆರಂಭದಲ್ಲಿ ಓಟಿ ಶೀಟುಗಳ ಮೇಲೆ ಎಷ್ಟು ಒಗೆದರೂ ಹೋಗದ ಕಂದು ಕಲೆಗಳು ಬರುತ್ತಿದ್ದವು. ಅವರು ನಮ್ಮನ್ನು, ನಾವು ಅವರನ್ನು ದೂರಿ ಎರಡು ತಿಂಗಳು ಕಳೆದವು. ಶಸ್ತ್ರಚಿಕಿತ್ಸೆಗೆ ಮುನ್ನ ಚರ್ಮಕ್ಕೆ ಹಚ್ಚುವ ಕ್ಲೋರ್‌ಹೆಕ್ಸಿಡಿನ್ ದ್ರಾವಣದ ಅಂಶ ಬಟ್ಟೆಯಲ್ಲಿ ಉಳಿದಿರುವಾಗ ಕ್ಲೋರಿನ್ ಬ್ಲೀಚ್ ಹಾಕಿದರೆ ಇಂಥ ಕಲೆ ಶಾಶ್ವತವಾಗಿ ಕೂರುತ್ತದೆ ಎಂಬುದು ಆಮೇಲೆ ತಿಳಿಯಿತು. ಓಟಿ ಬಟ್ಟೆಗೆ ಆಮ್ಲಜನಕ ಆಧಾರಿತ ಬ್ಲೀಚ್ ಬಳಸಲು ಅವರು ಒಪ್ಪಿದ ನಂತರ ಹೊಸ ಕಲೆ ಕಾಣಿಸಿಕೊಂಡಿಲ್ಲ. ರಕ್ತದ ಕಲೆಗೆ ಮೊದಲು ತಣ್ಣೀರಿನ ಜಾಲಾಟ ಆಗಲೇಬೇಕು, ಬಿಸಿನೀರು ಅದನ್ನು ನೂಲಿಗೆ ಅಂಟಿಸಿಬಿಡುತ್ತದೆ ಎಂಬುದನ್ನಂತೂ ಹೊಸದಾಗಿ ಸೇರುವ ಪ್ರತಿ ಅಟೆಂಡರ್‌ಗೂ ಹೇಳಿಕೊಡುತ್ತೇವೆ. ಬಟ್ಟೆಯ ಆಯುಷ್ಯ ನಿರ್ಧಾರವಾಗುವುದು ಇಂಥ ಸಣ್ಣ ಸಂಗತಿಗಳಲ್ಲಿ.

ಇನ್ನು ತೂಕದ ವಿಚಾರ. ಮೊದಲ ಕರಾರಿನ ಪ್ರಕಾರ ಕೊಳೆ ಬಟ್ಟೆಯನ್ನು ನಮ್ಮ ಹಿಂಬಾಗಿಲಿನಲ್ಲಿ ತೂಗಿ ಬಿಲ್ ಮಾಡುತ್ತಿದ್ದರು. ಸಲೈನ್ ಸುರಿದ ಹಾಸು, ಮೂತ್ರದಿಂದ ನೆನೆದ ಡ್ರಾ ಶೀಟ್ (ರೋಗಿಯ ಸೊಂಟದ ಕೆಳಗೆ ಅಡ್ಡಲಾಗಿ ಹಾಸುವ ಸಣ್ಣ ಹಾಸು), ನೆಲ ಒರೆಸಿ ಅದೇ ಚೀಲಕ್ಕೆ ತುರುಕಿದ ಟವೆಲ್, ಎಲ್ಲದರ ನೀರಿಗೂ ನಾವು ಹಣ ಕೊಡುತ್ತಿದ್ದೆವು. ಒಂದು ವಾರ ಅದೇ ಬಟ್ಟೆಯನ್ನು ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ತೂಗಿ ಬರೆದಿಟ್ಟು, ಆ ಪಟ್ಟಿಯನ್ನು ಮುಂದಿಟ್ಟು ಮಾತನಾಡಿದ ಮೇಲೆ, ಒಗೆದು ಒಣಗಿದ ತೂಕಕ್ಕೇ ದರ ಎಂದು ಬದಲಾಯಿತು. ದರಪಟ್ಟಿ ಹೋಲಿಸುವವರು ಇನ್ನೊಂದನ್ನೂ ಗಮನಿಸಬೇಕು: ಆರೋಗ್ಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ, ಲಾಂಡ್ರಿಯ ಬಿಲ್ಲಿನ ಮೇಲೆ ನಾವು ಕಟ್ಟುವ ತೆರಿಗೆಗೆ ಹೂಡುವಳಿ ತೆರಿಗೆ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಸಿಗುವುದಿಲ್ಲ, ಅದು ಪೂರ್ತಿಯಾಗಿ ನಮ್ಮ ಖರ್ಚೇ. ತೆರಿಗೆ ಸೇರಿಸಿದ ಮೊತ್ತವನ್ನೇ ಹೋಲಿಸಿ ನೋಡಿ.

ತೂಕದ ಜಗಳ ಮುಗಿದ ಮೇಲೂ ಬಿಲ್ ನಾನು ಅಂದುಕೊಂಡಷ್ಟು ಇಳಿಯಲಿಲ್ಲ. ಕಾರಣ ಹುಡುಕಲು ನಾನೇ ಹತ್ತು ದಿನ ಬೆಳಗಿನ ಪಾಳಿಯಲ್ಲಿ ವಾರ್ಡ್ ಸಿಸ್ಟರ್‌ಗಳ ಜೊತೆ ನಿಂತೆ. ಕಂಡದ್ದು ಇಷ್ಟು: ಪದೇ ಪದೇ ಲಿನನ್ ರೂಮಿಗೆ ಓಡುವುದು ಬೇಡವೆಂದು ಪ್ರತಿ ಕೊಠಡಿಯ ಕಪಾಟಿನಲ್ಲಿ ಎರಡು ಮೂರು ಹೆಚ್ಚಿನ ಜೊತೆ ಇಟ್ಟಿರುತ್ತಾರೆ, ರೋಗಿ ಡಿಸ್‌ಚಾರ್ಜ್ ಆದಾಗ ಆ ಕೊಠಡಿಯಲ್ಲಿದ್ದ ಬಟ್ಟೆಯೆಲ್ಲ, ಮಡಿಕೆ ಬಿಚ್ಚದಿದ್ದರೂ, ಒಗೆತಕ್ಕೆ ಹೋಗಬೇಕು. ಸೋಂಕು ತಡೆಯುವ ದೃಷ್ಟಿಯಿಂದ ಆ ನಿಯಮ ಸರಿಯಾದದ್ದೇ. ತಪ್ಪಿರುವುದು ಕಪಾಟು ತುಂಬುವುದರಲ್ಲಿ. ಸಿಸ್ಟರ್‌ಗಳನ್ನು ಗದರಿಸಿ ಪ್ರಯೋಜನವಿರಲಿಲ್ಲ. ರಾತ್ರಿ ಪಾಳಿಯಲ್ಲಿ ಹಾಸು ಸಿಗದೆ ಒದ್ದಾಡಿದವರು ಬಚ್ಚಿಟ್ಟುಕೊಳ್ಳುವುದು ಸಹಜ. ಪ್ರತಿ ಮಹಡಿಯಲ್ಲಿ ಮುಚ್ಚಿದ ಕಪಾಟೊಂದನ್ನಿಟ್ಟು, ಸಂಜೆ ಏಳಕ್ಕೆ ಅದನ್ನು ತಪ್ಪದೆ ತುಂಬಿಸುವ ವ್ಯವಸ್ಥೆ ಮಾಡಿ, ಅದು ತಪ್ಪುವುದಿಲ್ಲವೆಂದು ಅವರಿಗೆ ನಂಬಿಕೆ ಬಂದ ಮೇಲೆ ಕೊಠಡಿಗಳ ಕಪಾಟು ತಾವಾಗಿ ಖಾಲಿಯಾದವು. ಮೂರು ವರ್ಷಗಳಲ್ಲಿ ಬಿಲ್ಲನ್ನು ಅತಿ ಹೆಚ್ಚು ಇಳಿಸಿದ ಕ್ರಮ ಇದೇ. ರೋಗಿಯ ಹಾಸು ಬದಲಿಸುವುದನ್ನು ಕಡಿಮೆ ಮಾಡೋಣವೆಂಬ ಸಲಹೆ ಆಡಳಿತದಿಂದ ಒಮ್ಮೆ ಬಂದಿತ್ತು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ; ಒದ್ದೆ ಹಾಸಿನ ಮೇಲೆ ಮಲಗಿದ ವೃದ್ಧರಿಗೆ ಬೆನ್ನುಹುಣ್ಣಾದರೆ ಆ ನೋವನ್ನು ಯಾವ ಲೆಕ್ಕದಲ್ಲಿ ಬರೆಯುವುದು?

ಕಾಣೆಯಾಗುವ ಬಟ್ಟೆಯ ವಿಷಯದಲ್ಲಿ ನಾನು ಸಂಸ್ಥೆಯ ಮೇಲೆ ಅನುಮಾನಪಟ್ಟಿದ್ದೆ, ಅದು ತಪ್ಪಾಗಿತ್ತು. 2023ರಲ್ಲಿ ಬಟ್ಟೆಗೆ ರೇಡಿಯೊ ತರಂಗದಿಂದ ಓದಿ ಎಣಿಸಬಹುದಾದ ಆರ್‌ಎಫ್‌ಐಡಿ ಚಿಪ್ ಹೊಲಿಸಿದೆವು. ಹೊರಟ ಎಣಿಕೆಗೂ ಮರಳಿದ ಎಣಿಕೆಗೂ ಹೆಚ್ಚೇನೂ ವ್ಯತ್ಯಾಸ ಬರಲಿಲ್ಲ. ಬಟ್ಟೆ ಹೋಗುತ್ತಿದ್ದದ್ದು ಬೇರೆ ದಾರಿಗಳಲ್ಲಿ: ಬೇರೆ ಆಸ್ಪತ್ರೆಗೆ ಕಳಿಸುವ ರೋಗಿಯ ಜೊತೆ ಆಂಬ್ಯುಲೆನ್ಸಿನಲ್ಲಿ, ಚೆಲ್ಲಿದ ನೀರು ಒರೆಸಲು, ಮತ್ತು ತೀರಿಕೊಂಡವರ ದೇಹಕ್ಕೆ ಹೊದಿಸಿ. ಈ ಕೊನೆಯದನ್ನು ವಾಪಸು ಕೇಳುವ ಮಾತೇ ಇಲ್ಲ. ಅದಕ್ಕೆಂದೇ ಕೋರಾ ಬಟ್ಟೆಯ ಥಾನು ತರಿಸಿಟ್ಟಿದ್ದೇವೆ, ಅದರ ಖರ್ಚನ್ನು ಬೇರೆಯಾಗಿ ಬರೆಯುತ್ತೇವೆ. ಚಿಪ್‌ನ ಬಗ್ಗೆ ನನ್ನ ಅಭಿಪ್ರಾಯವೆಂದರೆ, ಸುಮಾರು 200 ಒಗೆತ ತಾಳುವ ಚಿಪ್ಪನ್ನು ಕಂಬಳಿಗೆ, ಓಟಿ ಗೌನಿಗೆ, ಅಲ್ಲಿ ಸಿಬ್ಬಂದಿ ತೊಡುವ ಸ್ಕ್ರಬ್‌ಗೆ ಹಾಕಿದರೆ ಅರ್ಥವಿದೆ. ದಿಂಬಿನ ಕವರಿಗೆ ಹಾಕುವುದು ದಂಡ.

ಒಂದು ಘಟನೆಯನ್ನು ಬರೆಯದೆ ಮುಂದೆ ಹೋಗಲಾರೆ. ನಮ್ಮ ಓಟಿಯಿಂದ ಹೋದ ಶೀಟಿನ ಮಡಿಕೆಯಲ್ಲಿ ಉಳಿದಿದ್ದ ಸೂಜಿಯೊಂದು ಲಾಂಡ್ರಿಯಲ್ಲಿ ಬಟ್ಟೆ ಬೇರ್ಪಡಿಸುವ ಹೆಣ್ಣುಮಗಳ ಕೈಗೆ ಚುಚ್ಚಿತು. ತಪ್ಪು ಸಂಪೂರ್ಣವಾಗಿ ನಮ್ಮದು. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಗಳ ಒಳಗೆ, ಆದಷ್ಟೂ ಬೇಗ, ಆರಂಭಿಸಬೇಕಾದ್ದರಿಂದ ಅಂದೇ ಅವರನ್ನು ನಮ್ಮ ಆಸ್ಪತ್ರೆಗೆ ಕರೆಸಿ ಚಿಕಿತ್ಸೆ ಕೊಡಿಸಿದೆವು. ತಿಂಗಳುಗಳ ನಂತರದ ಪರೀಕ್ಷೆಯಲ್ಲೂ ಏನೂ ಇಲ್ಲವೆಂದು ಬರುವವರೆಗೆ ಅವರೂ ಅವರ ಮನೆಯವರೂ ಅನುಭವಿಸಿದ ಆತಂಕಕ್ಕೆ ನಾವು ಏನು ಪರಿಹಾರ ಕೊಡಬಲ್ಲೆವು? ಆ ದಿನದಿಂದ ಸೂಜಿ, ಟವೆಲ್ ಕ್ಲಿಪ್, ಕತ್ತರಿಗಳ ಎಣಿಕೆ ಸರಿಹೋಗದೆ ಓಟಿಯ ಲಿನನ್ ಚೀಲದ ಬಾಯಿ ಕಟ್ಟುವಂತಿಲ್ಲ.

ಹರಿದ ಬಟ್ಟೆಯ ವಿಲೇವಾರಿಯಲ್ಲೂ ನಾವು ಹಣ ಕಳೆದುಕೊಳ್ಳುತ್ತಿದ್ದೆವು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ರಕ್ತ ಅಥವಾ ದೇಹದ ದ್ರವಗಳು ತಾಗಿದ, ಬಿಸಾಡುವ ಲಿನನ್ ಪ್ರತ್ಯೇಕವಾಗಿ ವಿಲೇವಾರಿ ಮಾಡಬೇಕಾದ ಹಳದಿ ವರ್ಗದ ತ್ಯಾಜ್ಯಕ್ಕೆ ಸೇರುತ್ತದೆ. ಬಟ್ಟೆಯನ್ನು ಕೊಳೆಯಾಗಿರುವಾಗಲೇ ಬಿಸಾಡಿದರೆ ಬಟ್ಟೆಯೂ ಹೋಯಿತು, ತ್ಯಾಜ್ಯದ ತೂಕವೂ ಏರಿತು. ಈಗ ಒಗೆದು ಬಂದ ಮೇಲೆಯೇ ಕಂಡೆಮ್ ಮಾಡುತ್ತೇವೆ, ಅಂದರೆ ಬಳಕೆಯಿಂದ ತೆಗೆಯುತ್ತೇವೆ. ಗಟ್ಟಿ ಭಾಗ ಡ್ರಾ ಶೀಟ್ ಆಗುತ್ತದೆ, ಮಿಕ್ಕದ್ದು ಒರೆಸುವ ಬಟ್ಟೆ.

2024ರ ಬೇಸಿಗೆಯಲ್ಲಿ ನಗರವೇ ನೀರಿಗೆ ಪರದಾಡಿದಾಗ ಟ್ಯಾಂಕರನ್ನೇ ನಂಬಿದ್ದ ಈ ಘಟಕದ ಬಟ್ಟೆ ಎರಡು ಬಾರಿ ಒಂದು ಇಡೀ ದಿನ ತಡವಾಯಿತು, ಹೆಚ್ಚುವರಿ ದರವನ್ನೂ ಕೇಳಿದರು. ಹಾಸಿಗೆಗೆ ಮೂರು ಜೊತೆ ಸಾಕೆಂದುಕೊಂಡಿದ್ದ ನಾವು ಅಂದಿನಿಂದ ನಾಲ್ಕು ಇಟ್ಟುಕೊಂಡಿದ್ದೇವೆ.

ಸಮವಸ್ತ್ರದ ಬಾಡಿಗೆಯೇ ನನಗೆ ಅತಿ ಕಡಿಮೆ ತೃಪ್ತಿ ಕೊಟ್ಟ ಭಾಗ. ನರ್ಸಿಂಗ್ ಸಿಬ್ಬಂದಿ ಬೇಗ ಬೇಗ ಬದಲಾಗುವ ಊರಿದು. ಕೆಲಸ ಬಿಟ್ಟವರ ಹೆಸರಿನಲ್ಲೂ ತಿಂಗಳುಗಟ್ಟಲೆ ಬಾಡಿಗೆ ಕಟ್ಟಿದ್ದೇವೆ. ಸಂಸ್ಥೆ ತಾನಾಗಿ ಹೇಳಲಿಲ್ಲ, ನಾವೂ ಕೇಳಲಿಲ್ಲ. ಈಗ ಸಮವಸ್ತ್ರ ಮರಳಿಸಿದ ಚೀಟಿ ಇಲ್ಲದೆ ರಿಲೀವಿಂಗ್ ಲೆಟರ್ ಸಿದ್ಧವಾಗುವುದಿಲ್ಲ. ಹೊಲಿಗೆಯೂ ಸಮಾಧಾನಕರವಲ್ಲ: ಒಂದೇ ಅಳತೆಯ ನಮೂನೆಯನ್ನು ಹಿಗ್ಗಿಸಿ ಕುಗ್ಗಿಸಿ ಕೊಡುತ್ತಾರೆ, ಆಯಾಗಳ ಮೇಲಂಗಿಗೆ ಕಿಸೆ ಇರುವುದಿಲ್ಲ. ದಿನವಿಡೀ ಬಗ್ಗಿ ಏಳುವವರು ಉದ್ದದ ಅಂಗಿ ಮತ್ತು ಎರಡು ಕಿಸೆ ಕೇಳಿದರೆ ಅದು ಅತಿಯಾಸೆಯಲ್ಲ. ಕಿಸೆ ಬಂತು, ಉದ್ದ ಇನ್ನೂ ಬರಬೇಕಿದೆ.

ಇಷ್ಟಾದರೂ ಕರಾರನ್ನು ಇನ್ನೆರಡು ವರ್ಷಕ್ಕೆ ಮುಂದುವರಿಸಿದ್ದೇವೆ. ಒಣತೂಕದ ದರ, ಮತ್ತೆ ಒಗೆಯಬೇಕಾದ ಬಟ್ಟೆಗೆ ಎರಡನೇ ಸಲ ಶುಲ್ಕವಿಲ್ಲ, ಮುನ್ಸೂಚನೆ ಕೊಡದೆ ಘಟಕಕ್ಕೆ ಭೇಟಿ ನೀಡುವ ಹಕ್ಕು, ಈ ಮೂರನ್ನೂ ಒಪ್ಪಿದ್ದಾರೆ. ಭಾನುವಾರ ಸಂಜೆಯ ಸರಬರಾಜಿಗೆ ಮಾತ್ರ ಒಪ್ಪಲಿಲ್ಲ; ಆದ್ದರಿಂದ ಶನಿವಾರ ರಾತ್ರಿ ಪ್ರತಿ ಮಹಡಿಯ ಕಪಾಟಿಗೆ ಒಂದು ಸಾಲು ಹೆಚ್ಚಾಗಿ ತುಂಬಿಸಿಯೇ ನಾನು ಮನೆಗೆ ಹೊರಡುತ್ತೇನೆ.