‘ಎಲ್ಲ ಕಾರಿಗೂ ಆಗುತ್ತದೆ’ ಎಂದು ನಂಬಿಸಿ ಮಗುವಿನ ಸೀಟು ಮಾರಿದರು, ದಯವಿಟ್ಟು ನೀವು ಮೋಸ ಹೋಗಬೇಡಿ

ಇದನ್ನು ಬರೆಯುವುದೋ ಬೇಡವೋ ಎಂದು ಮೂರು ವಾರ ತಡೆದುಕೊಂಡೆ. ನಾಚಿಕೆಯಾಗುತ್ತದೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು. ಜಡತ್ವ ಎಂದರೇನು ಎಂದು ವರ್ಷ ವರ್ಷವೂ ಕಪ್ಪುಹಲಗೆಯ ಮೇಲೆ ಬರೆದು ತೋರಿಸುವವಳು. ಅಂಥ ನಾನು ಮೂರೂವರೆ ತಿಂಗಳ ಮಗಳನ್ನು, ಕಾರಿನ ಯಾವ ಭಾಗಕ್ಕೂ ಸರಿಯಾಗಿ ಸಿಕ್ಕಿಕೊಳ್ಳದ ಸೀಟಿನಲ್ಲಿ ಮಲಗಿಸಿ ಕೊಡಗಿನ ಆನೆಕಾಡು ಅರಣ್ಯದ ರಸ್ತೆಯ ತಿರುವುಗಳಿಗೆ ಕರೆದುಕೊಂಡು ಹೋದೆ. ಯಾರಿಗೂ ಹೇಳುವುದು ಬೇಡ ಎಂದುಕೊಂಡಿದ್ದೆ. ಆದರೆ ನಿನ್ನೆ ಗೋಣಿಕೊಪ್ಪದ ಗೆಳತಿ ಫೋನ್ ಮಾಡಿ, ಬರುವ ಭಾನುವಾರ ಅದೇ ಅಂಗಡಿಗೆ ಹೋಗುತ್ತಿದ್ದೇವೆ ಎಂದಳು. ಇನ್ನು ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಕಾರಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅಂಗಡಿಯವರು ಈಗ ಎಲ್ಲ ತಪ್ಪನ್ನೂ ಅದರ ತಲೆಗೇ ಕಟ್ಟುತ್ತಿದ್ದಾರೆ. ನಮ್ಮ ಮನೆಯವರು ಮದುವೆಗೆ ಮುಂಚೆ ಆಸೆಪಟ್ಟು ಕೊಂಡ ಹಳೆಯ ಸಣ್ಣ ಸ್ಪೋರ್ಟ್ಸ್ ಕಾರು ಅದು. ಎರಡೇ ಬಾಗಿಲು. ಕೊಡಗಿನಲ್ಲಿ ಇಂಥ ಕಾರುಗಳ ಮೇಲೆ ಎಷ್ಟು ಮೋಹ ಎಂದು ನಾನು ಹೇಳಬೇಕಾಗಿಲ್ಲ, ಆಟೋಕ್ರಾಸ್ ಎಂಬ ಮಣ್ಣಿನ ಹಾದಿಯ ಕಾರು ಪಂದ್ಯ ಇದೆ ಎಂದರೆ ಮಳೆಯಲ್ಲಿ ಕೊಡೆ ಹಿಡಿದು ನಿಂತು ನೋಡುವ ಜನ ನಾವು. ಹಿಂದೆ ಇಬ್ಬರಿಗೆ ಮಾತ್ರ ಜಾಗ. ಬಟ್ಟಲಿನ ಹಾಗೆ ತಗ್ಗಾದ ಎರಡು ಸೀಟು, ನಡುವೆ ಒಂದು ಉಬ್ಬು. ಮುಂದಿನ ಸೀಟನ್ನು ಮಡಚಿ ಒಳಗೆ ನುಸುಳಬೇಕು. ಮನೆಯಲ್ಲಿ ಇನ್ನೊಂದು ಗಾಡಿ ಎಂದರೆ ಮಾವನವರ ಜೀಪು. ಅದರ ಹಿಂದೆ ಅಡ್ಡ ಬೆಂಚುಗಳು, ಬೆಲ್ಟೇ ಇಲ್ಲ. ಹಾಗಾಗಿ ಮಗುವಿಗೂ ಈ ಕಾರೇ ಗತಿ. ಕಾರು ಮಾರಿಬಿಡಿ ಎನ್ನುವವರು ದಯವಿಟ್ಟು ಆ ಮಾತು ತೆಗೆಯಬೇಡಿ. ಆ ಚರ್ಚೆ ನಮ್ಮ ಮನೆಯಲ್ಲಿ ಬೇಕಾದಷ್ಟು ಆಗಿದೆ.

ಬಾಣಂತನ ಕುಶಾಲನಗರದ ತವರಿನಲ್ಲಿ ಆಯಿತು. ಮಗುವನ್ನು ಸುಂಟಿಕೊಪ್ಪದಾಚೆಯ ನಮ್ಮ ತೋಟದ ಮನೆಗೆ ಕರೆತರುವ ಹಿಂದಿನ ದಿನ ಅವಳನ್ನು ಅಮ್ಮನ ಕೈಗೆ ಕೊಟ್ಟು, ನಾವಿಬ್ಬರೂ ಸೀಟು ಕೊಳ್ಳಲೆಂದೇ ಮೈಸೂರಿಗೆ ಹೋದೆವು. ಮಕ್ಕಳ ಸಾಮಾನಿನ ದೊಡ್ಡ ಅಂಗಡಿ. ದೂರು ಕೊಟ್ಟಿರುವುದರಿಂದ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಮಾರಾಟದವನಿಗೆ ನಾನು ಮೊದಲು ಹೇಳಿದ ಮಾತೇ ಕಾರಿನದ್ದು. ಎರಡು ಬಾಗಿಲು, ಹಿಂದಿನ ಸೀಟು ತಗ್ಗು, ಹಳೆಯ ಮಾದರಿ. ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಕಾರು ಹೊರಗೇ ನಿಂತಿದೆ, ಬಂದು ನೋಡಿ ಎಂದೆ. ಅವನು ಬಾಗಿಲಿನವರೆಗೂ ಬರಲಿಲ್ಲ. “ನೋಡುವುದೇನಿದೆ ಮೇಡಂ? ಇದು ಯೂನಿವರ್ಸಲ್. ಎಲ್ಲ ಕಾರಿಗೂ ಆಗುತ್ತದೆ. ದಿನವೂ ಎಷ್ಟೋ ಕಾರಿಗೆ ಫಿಟ್ ಮಾಡಿ ಕಳಿಸುತ್ತೇವೆ” ಎಂದ. ನಾನು ಇನ್ನೂ ಯೋಚಿಸುತ್ತಿದ್ದಾಗ ದಂಡದ ಹೆದರಿಕೆ ಹಾಕಿದ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ 194ಬಿ ಎಂಬ ಸೆಕ್ಷನ್ ಇರುವುದು ನಿಜ. 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನ ರಕ್ಷಣೆಯಿಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ. ಕಾನೂನನ್ನು ಬಾಯಿಪಾಠ ಮಾಡಿಕೊಂಡವನಿಗೆ ತಾನು ಮಾರುವ ಸಾಮಾನಿನ ಮೇಲಿನ ಚೀಟಿ ಓದಲು ಬರುವುದಿಲ್ಲವೇ? ಸೀಟಿಗೆ 21,500 ರೂಪಾಯಿ, ಫಿಟ್ಟಿಂಗ್‌ಗೆ ಬೇರೆ 800 ರೂಪಾಯಿ. ಬಿಲ್ಲಿನ ಮೇಲೆ ನಮ್ಮ ಕಾರಿನ ಹೆಸರು, ಮಾದರಿಯ ವರ್ಷ ಎರಡನ್ನೂ ಅವನೇ ತನ್ನ ಕೈಯಿಂದ ಬರೆದ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆ ಸೀಟಿನಲ್ಲಿ ಎರಡು ಭಾಗ. ಕೆಳಗೆ ಬೇಸ್, ಅದರ ಮೇಲೆ ಮಗು ಕಾರಿನ ಹಿಂಭಾಗಕ್ಕೆ ಮುಖ ಮಾಡಿ ಮಲಗುವ ತೊಟ್ಟಿಲಿನಂಥ ಭಾಗ. ಬೇಸಿನಿಂದ ಎರಡು ಕೊಂಡಿಗಳು ಹೊರಟಿರುತ್ತವೆ. ಐಸೋಫಿಕ್ಸ್, ಅಂದರೆ ಮಕ್ಕಳ ಸೀಟನ್ನು ನೇರ ಕಾರಿನ ಮೈಗೇ ಸಿಕ್ಕಿಸುವ ವ್ಯವಸ್ಥೆ, ಇರುವ ಕಾರಿನಲ್ಲಿ ಬೆನ್ನಿನ ದಿಂಬಿಗೂ ಕೂರುವ ದಿಂಬಿಗೂ ನಡುವಿನ ಸಂದಿಯಲ್ಲಿ, ಒಂದರಿಂದ ಒಂದಕ್ಕೆ 28 ಸೆಂಟಿಮೀಟರ್ ದೂರದಲ್ಲಿ, ಕಾರಿನ ಮೈಗೇ ಬಿಗಿದ ಎರಡು ಕಬ್ಬಿಣದ ಕಂಬಿಗಳಿರುತ್ತವೆ. ಕೊಂಡಿಗಳು ಅವನ್ನು ಕಚ್ಚಿ ಹಿಡಿಯಬೇಕು. ಬೇಸಿನ ಮುಂಭಾಗದಿಂದ ಒಂದು ಕಾಲು ಇಳಿದು ಕಾರಿನ ನೆಲಕ್ಕೆ ಗಟ್ಟಿಯಾಗಿ ಊರಬೇಕು. ಕೊಂಡಿ ಎರಡು, ಕಾಲು ಒಂದು. ಆ ಸೀಟಿನ ಇಡೀ ಭರವಸೆ ಈ ಮೂರರ ಮೇಲೆ ನಿಂತಿದೆ. ನಮ್ಮ ಕಾರಿನಲ್ಲಿ ಕಂಬಿಗಳೇ ಇಲ್ಲ. ಕಾಲು ಊರಲು ಹಿಂದೆ ಸಪಾಟಾದ ನೆಲವೂ ಇಲ್ಲ. ಇದೆಲ್ಲ ನನಗೆ ಈಗ ಗೊತ್ತು. ಆ ದಿನ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು, ಗೊತ್ತಿರಲೇಬೇಕು, ಅದೇ ಅವರ ವ್ಯಾಪಾರ.

ಫಿಟ್ ಮಾಡಿದ ಹುಡುಗನಿಗೆ ಇಪ್ಪತ್ತು ವರ್ಷ ಇರಬಹುದು. ಮಳೆ ಹನಿಯುತ್ತಿತ್ತು. “ಅಕ್ಕ, ನೀವು ನೆನೆಯಬೇಡಿ, ಒಳಗೆ ಕುಳಿತುಕೊಳ್ಳಿ” ಎಂದ. ನಾನು ಹೋಗಲಿಲ್ಲ, ಬಾಗಿಲ ಬಳಿಯೇ ನಿಂತೆ. ಆದರೆ ಎರಡು ಬಾಗಿಲಿನ ಕಾರಿನೊಳಗೆ ಒಬ್ಬರು ಬಗ್ಗಿದರೆ ಹೊರಗಿನವರಿಗೆ ಅವರ ಬೆನ್ನು ಮಾತ್ರ ಕಾಣುತ್ತದೆ. ಬಹಳ ಹೊತ್ತು ಗುದ್ದಾಡಿದ. ಕೊನೆಗೆ ‘ಟಕ್’ ಎಂದಿತು. “ಕೇಳಿಸಿತಾ ಅಕ್ಕ? ಲಾಕ್ ಆಯಿತು.” ಕೇಳಿಸಿತು ಎಂದೆ. ಹೌದು, ನಾನೇ ಹೇಳಿದೆ, ಕೇಳಿಸಿತು ಎಂದು. ಮೇಲೆ ಬೆಲ್ಟನ್ನು ಒಂದು ಸುತ್ತು ಎಳೆದು ಸಿಕ್ಕಿಸಿದ. ನಾನು ಕೈ ಹಾಕಿ ಅಲುಗಾಡಿಸಿ ನೋಡಿದೆ, ಅಲುಗಾಡಿತು. ಕೇಳಿದ್ದಕ್ಕೆ, “ಇಷ್ಟು ಆಟ ಇರಲೇಬೇಕು ಅಕ್ಕ, ಗುಂಡಿಯ ಕುಲುಕಾಟ ಮಗುವಿಗೆ ತಾಗಬಾರದಲ್ಲ” ಎಂದ. ಆಮೇಲೆ ಉಚಿತ ಕೊಡುಗೆ ಎಂದು ಒಂದು ದಪ್ಪ ಮ್ಯಾಟ್ ತಂದು ಬೇಸಿನ ಸುತ್ತ ಹೊದಿಸಿದ. ಆ ಉಚಿತ ಮ್ಯಾಟ್ ಏನನ್ನು ಮುಚ್ಚಿತ್ತು ಎಂದು ತಿಳಿದದ್ದು ಮರುದಿನ.

ಮರುದಿನ ಒಳ್ಳೆಯ ಗಳಿಗೆ ನೋಡಿ ಹೊರಟೆವು. ಅಮ್ಮ ಮಗಳಿಗೆ ದೃಷ್ಟಿ ತೆಗೆದು ಕಳಿಸಿದರು. ಗುಡ್ಡೆಹೊಸೂರು ದಾಟುವವರೆಗೆ ಏನೂ ಇಲ್ಲ. ಆನೆಕಾಡು ಶುರುವಾಗಿ ರಸ್ತೆ ಎಡಕ್ಕೆ ತಿರುಗಿದ್ದೇ ತಡ, ಇಡೀ ಸೀಟು, ಬೇಸಿನ ಸಮೇತ, ನನ್ನ ಕಡೆಗೆ ವಾಲಿತು. ಸ್ವಲ್ಪ ಅಲ್ಲ. ತೊಟ್ಟಿಲಿನ ಹಿಡಿ ಬಂದು ನನ್ನ ಭುಜಕ್ಕೆ ಬಡಿಯಿತು. ನಮ್ಮ ಮನೆಯವರು 30 ಕಿಲೋಮೀಟರ್ ವೇಗವನ್ನೂ ದಾಟಿರಲಿಲ್ಲ. ಮಗಳು ನಿದ್ದೆಯಲ್ಲೇ ಇದ್ದಳು, ಅವಳ ಗಲ್ಲ ಎದೆಗೆ ಒತ್ತಿಕೊಂಡಿತ್ತು. ಇಷ್ಟು ಸಣ್ಣ ಮಕ್ಕಳ ಕತ್ತು ಹಾಗೆ ಮುಂದಕ್ಕೆ ಬಿದ್ದರೆ ಉಸಿರಿನ ದಾರಿಯೇ ಕಟ್ಟಿಕೊಳ್ಳಬಹುದು. ಎರಡೂ ಕೈಯಿಂದ ಸೀಟನ್ನು ತಡೆದು ಹಿಡಿದು ನಿಲ್ಲಿಸಿ, ನಿಲ್ಲಿಸಿ ಎಂದು ಕಿರುಚಿದೆ. ಆನೆ ದಾಟುವ ಜಾಗ, ಎಲ್ಲೆಂದರಲ್ಲಿ ನಿಲ್ಲಿಸುವಂತಿಲ್ಲ. ಸ್ವಲ್ಪ ಅಗಲ ಸಿಕ್ಕಿದ ಕಡೆ ನಿಲ್ಲಿಸಿದರು. ಅಲ್ಲಿಂದ ಮನೆಯವರೆಗೆ ಅವಳನ್ನು ಮಡಿಲಲ್ಲಿಟ್ಟುಕೊಂಡು ಬಂದೆ, ಅದೂ ತಪ್ಪು ಎಂದು ಗೊತ್ತಿದ್ದೂ, ಬೇರೆ ದಾರಿ ಇಲ್ಲದೆ.

ಮನೆಗೆ ಬಂದವಳೇ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಆ ಮ್ಯಾಟ್ ಕಿತ್ತೆಸೆದೆ. ಬೇಸಿನ ಎರಡು ಬದಿಯಲ್ಲೂ ಸಣ್ಣ ಗುರುತುಗಳಿವೆ. ಕೊಂಡಿ ಕಚ್ಚಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಒಂದು ಹಸಿರು, ಒಂದು ಕೆಂಪು. ಸಂದಿಯಲ್ಲಿ ಕೈ ಹಾಕಿದೆ. ಹಸಿರು ತೋರಿಸುತ್ತಿದ್ದ ಕೊಂಡಿ ಕಚ್ಚಿದ್ದು ದಿಂಬಿನೊಳಗಿನ ಸ್ಪ್ರಿಂಗ್ ತಂತಿಯನ್ನು! ಸೋಫಾದಲ್ಲಿ ಇರುವಂಥ ತಂತಿ. ಎಳೆದರೆ ಫೋಮಿನ ಚೂರುಗಳ ಜೊತೆ ಕೈಗೇ ಬಂತು. ಇನ್ನೊಂದು ಕೊಂಡಿ ಬರಿಯ ಫೋಮಿಗೆ ಚುಚ್ಚಿಕೊಂಡಿತ್ತು. ನೆಲಕ್ಕೆ ಊರಬೇಕಾದ ಕಾಲನ್ನು ಮಡಚಿ ಬೇಸಿನ ಅಡಿಗೆ ತುರುಕಿದ್ದ. ಬೇಸನ್ನು ಮಗುಚಿದರೆ ಕಿತ್ತಳೆ ಬಣ್ಣದ ಚೀಟಿ, ಅದರ ಮೇಲೆ ‘ಸೆಮಿ ಯೂನಿವರ್ಸಲ್’ ಎಂದು ಅಚ್ಚಾಗಿದೆ. ಯೂನಿವರ್ಸಲ್ ಅಲ್ಲ, ಸೆಮಿ. ಹಾಗೆಂದರೆ ಕಂಪನಿ ಕೊಡುವ ಪಟ್ಟಿಯಲ್ಲಿರುವ ಕಾರುಗಳಿಗೆ ಮಾತ್ರ ಆ ಸೀಟು. ಪಟ್ಟಿ ಪೆಟ್ಟಿಗೆಯ ತಳದಲ್ಲಿ, ಪ್ಲಾಸ್ಟಿಕ್ ಕೂಡ ಒಡೆಯದೆ ಬಿದ್ದಿತ್ತು. ನಮ್ಮ ಕಾರು ಅದರಲ್ಲಿ ಇಲ್ಲ.

ಆದರೂ ಮನಸ್ಸಿನ ಮೂಲೆಯಲ್ಲಿ ಒಂದು ಅನುಮಾನ ಉಳಿದಿತ್ತು, ತಪ್ಪು ನಮ್ಮದೇ ಇರಬಹುದೇನೋ ಎಂದು. ಎರಡು ದಿನ ಬಿಟ್ಟು ನನ್ನ ಅಣ್ಣ ತನ್ನ ಹೊಸ ಕಾರಿನಲ್ಲಿ ಬಂದ. ಅವನ ಕಾರು ಪಟ್ಟಿಯಲ್ಲಿದೆ. ಅದೇ ಬೇಸನ್ನು ಅದರಲ್ಲಿಟ್ಟು ತಳ್ಳಿದ. ಟಕ್, ಟಕ್. ಎರಡು ಸಲ, ಕಬ್ಬಿಣಕ್ಕೆ ಕಬ್ಬಿಣ ಕೂತ ಸದ್ದು. ಎರಡೂ ಹಸಿರು. ಕಾಲು ನೆಲಕ್ಕೆ ಊರಿತು. ಅಲುಗಾಡಿಸಿದರೆ ಸೀಟಲ್ಲ, ಕಾರೇ ಅಲುಗಾಡುತ್ತದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಆ ಸದ್ದು ಕೇಳಿದ ಮೇಲೆಯೇ ನನಗೆ ಅಳು ಬಂದದ್ದು. ಮೈಸೂರಿನಲ್ಲಿ ನಾನು ಕೇಳಿ, ಒಪ್ಪಿ, ದುಡ್ಡು ಕೊಟ್ಟು ಬಂದ ಸದ್ದು ಇದಲ್ಲ.

ಇನ್ನು ಅಂಗಡಿಯವರ ಉತ್ತರಗಳು. ಮೊದಲ ದಿನ: “ದೋಷ ನಿಮ್ಮ ಕಾರಿನದ್ದು ಮೇಡಂ, ಸೀಟಿನದ್ದಲ್ಲ.” ಕಾರು ನೋಡಿ ಎಂದು ಕರೆದದ್ದು ನಾನು, ಬಾರದವನು ಅವನು. ಎರಡನೆಯ ದಿನ: “ಬೇಸ್ ಬಿಡಿ, ಮೇಲಿನ ಭಾಗವನ್ನು ಕಾರಿನ ಬೆಲ್ಟಿನಿಂದಲೇ ಕಟ್ಟಿ.” ಕಟ್ಟಲು ನೋಡಿದೆವು. ಬೆಲ್ಟ್ ಮಗುವಿನ ಕಾಲಿನ ಮೇಲಿಂದ ಹೋಗಿ ತೊಟ್ಟಿಲಿನ ಬೆನ್ನನ್ನು ಬಳಸಿ ಬರಬೇಕು. ನಮ್ಮ ಕಾರಿನಲ್ಲಿ ಒಂದು ಗೇಣು ಸಾಲದು, ಬಕಲ್‌ಗೆ ಮುಟ್ಟುವುದೇ ಇಲ್ಲ. ಅದನ್ನು ಹೇಳಿದರೆ, “ಯಾವುದಾದರೂ ಗ್ಯಾರೇಜಿನಲ್ಲಿ ಬೆಲ್ಟಿಗೆ ತುಂಡು ಸೇರಿಸಿ ಹೊಲಿಸಿಕೊಳ್ಳಿ.” ಮಗುವಿನ ಜೀವ ನಿಲ್ಲಬೇಕಾದ ಬೆಲ್ಟಿಗೆ ತೇಪೆ! ಮೂರನೆಯ ದಿನ: “ಹಾಗಾದರೆ ಮುಂದಿನ ಸೀಟಿನಲ್ಲಿ ಇಡಿ.” ನಮ್ಮ ಕಾರಿನ ಮುಂದಿನ ಸೀಟಿಗೆ ಏರ್‌ಬ್ಯಾಗ್ ಇದೆ, ಅದನ್ನು ಆರಿಸುವ ಸ್ವಿಚ್ ಇಲ್ಲ. ಹಿಂದಕ್ಕೆ ಮುಖ ಮಾಡಿದ ಮಗುವನ್ನು ಅಲ್ಲಿಟ್ಟರೆ, ಏರ್‌ಬ್ಯಾಗ್ ಸಿಡಿದು ಬಡಿಯುವುದು ನೇರ ತಲೆಯ ಹಿಂದೆ. ಹಾಗೆ ಇಡಬೇಡಿ ಎಂದು ಸನ್ ವೈಸರ್ ಮೇಲೆ ಚಿತ್ರ ಸಮೇತ ಅಂಟಿಸಿದ್ದಾರೆ. ಮಕ್ಕಳ ಸೀಟು ಮಾರುವವನು ಒಬ್ಬ ತಾಯಿಗೆ ಕೊಡುವ ಸಲಹೆಯೇ ಇದು? ನಾನು ಇದನ್ನು ಹೇಳಿದಾಗ ಬಂದ ಉತ್ತರ: “ಸರ್‌ಗೆ ಫೋನ್ ಕೊಡಿ ಮೇಡಂ, ಇದು ಟೆಕ್ನಿಕಲ್ ವಿಷಯ.”

ನಾಲ್ಕನೆಯ ಸಲ ಮಾಲೀಕರೇ ಮಾತಾಡಿದರು. “ನಾವೆಲ್ಲ ಅಮ್ಮನ ಮಡಿಲಲ್ಲೇ ಓಡಾಡಿ ಬೆಳೆದವರಲ್ಲವೇ? ನಿಮ್ಮ ಕೊಡಗಿನ ರಸ್ತೆಯಲ್ಲಿ ಎಷ್ಟು ವೇಗ ಹೋಗಲು ಸಾಧ್ಯ?” ಎಂದರು. ಅವರಿಗೆ ಹೇಳಿದ ಲೆಕ್ಕವನ್ನೇ ನಿಮಗೂ ಹೇಳುತ್ತೇನೆ. ಮಗಳ ತೂಕ 6 ಕಿಲೋ. ಕಾರು 40 ಕಿಲೋಮೀಟರ್ ವೇಗದಲ್ಲಿದೆ, ಎದುರಿಗೆ ಏನೋ ಬಡಿದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎಂದುಕೊಳ್ಳಿ. ಆ ಕ್ಷಣ ಅವಳನ್ನು ಹಿಡಿದು ನಿಲ್ಲಿಸಲು ಸುಮಾರು 68 ಕಿಲೋ ಎತ್ತುವಷ್ಟು ಬಲ ಬೇಕು. 50 ಕಿಲೋದ ಕಾಫಿ ಚೀಲ ನಮ್ಮಲ್ಲಿ ಎಲ್ಲರೂ ನೋಡಿರುವಂಥದ್ದು. ಅದಕ್ಕಿಂತ ಹೆಚ್ಚಿನದು ಹೇಳದೆ ಕೇಳದೆ ಮುಂದಕ್ಕೆ ಜಿಗಿದರೆ ಯಾವ ತಾಯಿಯ ತೋಳು ಹಿಡಿದೀತು? ಇದು ಬರಿಯ 40ರ ಲೆಕ್ಕ. ಅವರು ಪೂರ್ತಿ ಕೇಳದೆ, “ಬಳಸಿದ ಸಾಮಾನು ವಾಪಸ್ ಇಲ್ಲ” ಎಂದು ಫೋನ್ ಇಟ್ಟರು. ಫಿಟ್ ಮಾಡಿದ ಹುಡುಗ ಕೆಲಸ ಬಿಟ್ಟು ಹೋಗಿದ್ದಾನಂತೆ. ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಆಗದ ಕಡೆ ಆಗಿಸಿ ಬಾ ಎಂದು ಕಳಿಸಿದವರ ಮೇಲೆ ಇದೆ.

ಕೊಳ್ಳಲು ಹೊರಟವರು ದಯವಿಟ್ಟು ಇಷ್ಟು ಮಾಡಿ. ಮೊದಲು ನಿಮ್ಮ ಕಾರಿನ ಹಿಂದಿನ ಸೀಟಿನ ಸಂದಿಗೆ ಬೆರಳು ಹಾಕಿ, ಕಂಬಿ ಕೈಗೆ ತಾಗುತ್ತದೆಯೇ ನೋಡಿ. ತಾಗದಿದ್ದರೆ ಐಸೋಫಿಕ್ಸ್ ಸೀಟಿನ ಮಾತೇ ಬೇಡ, ಬೆಲ್ಟಿನಿಂದ ಕಟ್ಟುವ ಸೀಟು ಕೇಳಿ, ಬೆಲ್ಟ್ ಸಾಲುತ್ತದೆಯೇ ಎಂದು ಅಲ್ಲೇ ಎಳೆದು ನೋಡಿ. ದುಡ್ಡು ಕೊಡುವ ಮೊದಲು ಸೀಟು ನಿಮ್ಮ ಕಾರಿನೊಳಗೆ ಕೂರಬೇಕು, ಆಮೇಲೆ ಅಲ್ಲ. ಆ ಸೀಟು ಆಗುವ ಕಾರುಗಳ ಪಟ್ಟಿ ತೆಗೆಸಿ ನೀವೇ ಓದಿ. ಬೇಸನ್ನು ಕೆಳಗೆ, ಕಟ್ಟಿದ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಒಂದು ಅಂಗುಲಕ್ಕಿಂತ ಹೆಚ್ಚು ಸರಿದರೆ ಅದು ಕಟ್ಟಿದ್ದಲ್ಲ. ‘ಆಟ ಇರಬೇಕು’ ಎಂದರೆ ಎದ್ದು ಬನ್ನಿ. ಮತ್ತೆ, ನಮ್ಮ ಮಳೆ ಚಳಿಗೆ ದಪ್ಪ ಸ್ವೆಟರ್ ಹಾಕಿ ಅದರ ಮೇಲೆ ಮಗುವನ್ನು ಸೀಟಿಗೆ ಕಟ್ಟುವ ಪಟ್ಟಿ ಬಿಗಿಯುತ್ತೇವೆ, ನಾನೂ ಹಾಗೇ ಮಾಡಿದ್ದೆ. ಒಳಗೆ ಪಟ್ಟಿ ಸಡಿಲವೇ ಇರುತ್ತದೆ. ಪಟ್ಟಿ ಮೊದಲು, ಹೊದಿಕೆ ಅದರ ಮೇಲೆ.

ಮಾರಿದವರು ಮೈಸೂರಿನಲ್ಲಿದ್ದಾರೆ, ಯಾರು ಅಲೆಯುವುದು ಎಂದು ಬಿಟ್ಟುಬಿಡಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವೂ ಇಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದೆ. ಈಗ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೂ ಕೊಟ್ಟಿದ್ದೇನೆ, ಕಾರಿನ ಹೆಸರು ಬರೆದ ಆ ಬಿಲ್ಲಿನ ಜೊತೆಗೆ. ಅದು ಗೊತ್ತಾದ ಮೇಲೆ ಅಂಗಡಿಯಿಂದ ಸಂದೇಶ ಬಂದಿದೆ: ಅರ್ಧ ಬೆಲೆಗೆ ಕೂಪನ್ ಕೊಡುತ್ತಾರಂತೆ, ಬೇರೆ ಏನಾದರೂ ಕೊಳ್ಳಬೇಕಂತೆ. ಬೇಡ ಎಂದು ಬರೆದೆ.

ಸೀಟು ಈಗ ಕುಶಾಲನಗರದಲ್ಲಿ ಅಣ್ಣನ ಕಾರಿನಲ್ಲಿದೆ. ಮಗುವನ್ನು ಡಾಕ್ಟರ ಬಳಿ ಕರೆದೊಯ್ಯಬೇಕಾದ ದಿನ ಅವನು ಕೆಲಸ ಬಿಟ್ಟು ಬರುತ್ತಾನೆ. ಎಷ್ಟು ದಿನ ಹೀಗೆ ಕರೆಯಲಿ? ಕೊಡಗಿನಲ್ಲಿ ಯಾರಾದರೂ ಇಂಥ ಎರಡು ಬಾಗಿಲಿನ ಹಳೆಯ ಕಾರಿನಲ್ಲಿ, ಬೆಲ್ಟಿನಿಂದಲೇ ಕಟ್ಟುವ, ಹಿಂದಕ್ಕೆ ಮುಖವಿರುವ ಸೀಟನ್ನು ಸರಿಯಾಗಿ ಕೂರಿಸಿಕೊಂಡಿದ್ದರೆ ದಯವಿಟ್ಟು ತಿಳಿಸಿ. ವಿರಾಜಪೇಟೆಯಾಗಲಿ ಸೋಮವಾರಪೇಟೆಯಾಗಲಿ, ನಾನೇ ಬರುತ್ತೇನೆ. ಫೋಟೋ ಬೇಡ, ನನ್ನ ಕೈಯಿಂದ ಒಮ್ಮೆ ಅಲುಗಾಡಿಸಿ ನೋಡಬೇಕು.