149 ರೂಪಾಯಿಯ ‘ಮೆರಿನೋ’ ಉಂಡೆ: ದುಡ್ಡು ಕಳಿಸೋ ಮುಂಚೆ ಇದನ್ನು ಓದಿ

ನಿಟ್ಟಿಂಗ್, ಕ್ರೋಶಾ ಮಾಡುವವರು ದಯವಿಟ್ಟು ಓದಿ. ‘100% ಮೆರಿನೋ ಬೇಬಿ ಉಣ್ಣೆ, 100 ಗ್ರಾಂ ಉಂಡೆ ಬರೀ 149 ರೂಪಾಯಿ’ ಅಂತ ಒಂದು ಜಾಹೀರಾತು ಆನ್‌ಲೈನ್‌ನಲ್ಲಿ ಓಡಾಡುತ್ತಿದೆ. ಮೆರಿನೋ ಅಂದರೆ ತುಂಬ ಮೃದುವಾದ, ದುಬಾರಿ ಉಣ್ಣೆ ಕೊಡುವ ಒಂದು ಕುರಿ ತಳಿ. ಲೇಬಲ್ ಮೇಲೆ ಕುರಿಮರಿ ಚಿತ್ರ ಇದೆ. ತಗೋಬೇಡಿ. ಅದು ಉಣ್ಣೆ ಅಲ್ಲ. ಉಣ್ಣೆ ಅಲ್ಲವೇ ಅಲ್ಲ.

ಮಡಿಕೇರಿಯಲ್ಲಿರುವ ನಾದಿನಿಗೆ ಮಗು ಆಗಿದೆ. ಅಲ್ಲಿಯ ಮಳೆ, ಚಳಿ ಗೊತ್ತಲ್ವಾ? ಮಗುವಿಗೆ ನಿಜವಾದ ಉಣ್ಣೆಯ ಸ್ವೆಟರ್, ಟೋಪಿ, ಒಂದು ಹೊದಿಕೆ ಹೆಣೆದು ಕೊಡೋಣ ಅಂತಿದ್ದೆ. ಅಂಗಡಿಯಲ್ಲಿ ಉಲ್ಲನ್ ಅಂತ ಸಿಗುವುದು ಬಹುಪಾಲು ಅಕ್ರಿಲಿಕ್ಕೇ, ಅಂದರೆ ಪ್ಲಾಸ್ಟಿಕ್ ಜಾತಿಯ ಕೃತಕ ದಾರ. ನಾವೆಲ್ಲ ಅದರಲ್ಲೇ ಕಡ್ಡಿ ಹಿಡಿದು ಕಲಿತವರು. ಅಕ್ರಿಲಿಕ್ ಬಗ್ಗೆ ನನಗೆ ಯಾವ ಕೋಪವೂ ಇಲ್ಲ. ಅಕ್ರಿಲಿಕ್ ಅಂತ ಹೇಳಿ ಮಾರಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ದುಡ್ಡು ಕಳಿಸುವ ಮುಂಚೆ ಮಾರುವವರನ್ನು ಕೇಳಿದ್ದೆ ಕೂಡ. ‘ಇಷ್ಟು ಕಮ್ಮಿಗೆ ಮೆರಿನೋ ಹೇಗೆ ಕೊಡ್ತೀರಾ?’ ಉತ್ತರ ತಕ್ಷಣ ಬಂತು. ‘ಲುಧಿಯಾನಾ ಫ್ಯಾಕ್ಟರಿಯಿಂದ ಡೈರೆಕ್ಟ್ ಸಿಸ್, ಎಕ್ಸ್‌ಪೋರ್ಟ್ ಸ್ಟಾಕ್, ಮಧ್ಯೆ ಯಾರೂ ಇಲ್ಲ.’ ಲುಧಿಯಾನಾದಲ್ಲಿ ಉಣ್ಣೆ ಗಿರಣಿಗಳು ಇರುವುದು ನಿಜವೇ. ಮಾತು ಸರಿ ಅನ್ನಿಸಿತು. 12 ಉಂಡೆಗೆ 1,788 ರೂಪಾಯಿ ಯುಪಿಐ ಮಾಡಿದೆ. ನನ್ನ ಮಾತು ಕೇಳಿ ವಾರಗಿತ್ತಿಯೂ ತರಿಸಿದಳು, ಎದುರು ಮನೆ ಆಂಟಿಯೂ ತರಿಸಿದರು. ನನ್ನ ದುಡ್ಡು ಹೋದದ್ದಕ್ಕಿಂತ ಇದೇ ಜಾಸ್ತಿ ಉರಿಯುವುದು.

ಮುಟ್ಟಿದರೆ ಬೆಣ್ಣೆ. ಅದನ್ನು ಒಪ್ಪಬೇಕು. ಬಾರ್ಡರ್ ಮುಗಿಸಿ ಬೆನ್ನಿನ ಭಾಗ ಅರ್ಧಕ್ಕೆ ಬರುವಾಗ ದಾರದ ಮಧ್ಯೆ ಗಂಟು ಸಿಕ್ಕಿತು. ಸರಿ, ಒಂದು ಗಂಟು ಯಾವ ಉಂಡೆಯಲ್ಲಿ ಇರಲ್ಲ? ಸ್ವಲ್ಪ ಮುಂದೆ ಇನ್ನೊಂದು. ಆಮೇಲೆ ಇನ್ನೊಂದು. ಗಂಟು ಕತ್ತರಿಸಿ, ಎರಡೂ ತುದಿ ಒದ್ದೆ ಮಾಡಿ ಅಂಗೈಯಲ್ಲಿ ಉಜ್ಜಿದೆ. ಉಣ್ಣೆ ಆಗಿದ್ದರೆ ಎಳೆಗಳು ಒಂದಕ್ಕೊಂದು ಹಿಡಿದುಕೊಂಡು ಒಂದೇ ದಾರ ಆಗುತ್ತವೆ. ಉಜ್ಜಿ ಉಜ್ಜಿ ಅಂಗೈ ಬಿಸಿ ಆಯ್ತು, ದಾರ ಜಾರಿ ಜಾರಿ ಹೋಯ್ತು. ಮೆಷಿನ್‌ನಲ್ಲಿ ಒಗೆಯಲು ಆಗುವ ಹಾಗೆ ಸಂಸ್ಕರಿಸಿದ ‘ಮೆಷಿನ್ ವಾಶ್’ ಉಣ್ಣೆಯೂ ಹೀಗೆ ಅಂಟಲ್ಲ. ಅದೇ ಇರಬಹುದು ಅಂತ ಸಮಾಧಾನ ಮಾಡಿಕೊಂಡೆ. ಆದರೆ ಉಂಡೆ ಬೇಗ ಬೇಗ ಖಾಲಿ ಆಗುತ್ತಿತ್ತು. ಹೊಸ ಉಂಡೆ ಅಡುಗೆಮನೆ ತಕ್ಕಡಿ ಮೇಲಿಟ್ಟೆ. ಲೇಬಲ್ ಸೇರಿ 78 ಗ್ರಾಂ! ಉಳಿದವೂ ಹಾಗೇ. 80 ದಾಟಿದ್ದು ಒಂದೂ ಇಲ್ಲ.

ಆಗ ಬೆಂಕಿ ಪರೀಕ್ಷೆಗೆ ಇಳಿದೆ. ಸ್ಟೀಲ್ ತಟ್ಟೆ, ಪಕ್ಕದಲ್ಲಿ ನೀರು, ಚಿಮಟದಲ್ಲಿ ಒಂದು ತುಂಡು ದಾರ. ಉಣ್ಣೆಯಾದರೆ ಸುಲಭಕ್ಕೆ ಹತ್ತಲ್ಲ, ಹತ್ತಿದರೂ ಬೆಂಕಿ ತೆಗೆದ ಮೇಲೆ ತಾನೇ ಆರುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಇದು ಭಗ್ ಅಂತ ಹತ್ತಿತು. ಬೆಂಕಿಕಡ್ಡಿ ದೂರ ತೆಗೆದರೂ ಉರಿಯುತ್ತಲೇ ಇತ್ತು. ಕರಗಿ ತಟ್ಟೆ ಮೇಲೆ ತೊಟ್ಟಿಕ್ಕಿತು. ಆರಿದ ಮೇಲೆ ಉಳಿದದ್ದು ಉಗುರಲ್ಲಿ ಒತ್ತಿದರೂ ಒಡೆಯದ ಕಪ್ಪು ಗಂಟು. ಮನೆ ತುಂಬ ಪ್ಲಾಸ್ಟಿಕ್ ಸುಟ್ಟ ನಾತ.

ವಾರಗಿತ್ತಿ ಪಕ್ಕದಲ್ಲೇ ನಿಂತಿದ್ದಳು. ‘ಅಕ್ಕಾ, ಇದನ್ನೇನಾ ನಂಗೂ ತರಿಸಿದ್ದು?’ ಅಂದಳು. ಅಷ್ಟೇ ಅಂದಿದ್ದು. ಅವಳ ಮುಖ ನೋಡಲು ಆಗಲಿಲ್ಲ.

ಈಗ ಮಾರಿದವರ ಉತ್ತರಗಳನ್ನು ಕೇಳಿ. ತಟ್ಟೆಯ ಫೋಟೋ, ತಕ್ಕಡಿಯ ಫೋಟೋ ಎರಡೂ ಕಳಿಸಿದೆ. ಅಲ್ಲಿಯವರೆಗೆ ನಾನು ‘ಸಿಸ್’. ಆ ಕ್ಷಣದಿಂದ ‘ಮೇಡಂ’.

‘ಮೇಡಂ, ಬೆಂಕಿ ಹಚ್ಚಿದರೆ ಯಾವ ದಾರ ಆದ್ರೂ ಸುಡುತ್ತೆ.’

ಇದಕ್ಕೆ ಏನು ಹೇಳ್ತೀರಾ? ನಾನು ಸುಡುವುದಕ್ಕೂ ಕರಗುವುದಕ್ಕೂ ಇರುವ ವ್ಯತ್ಯಾಸ ಉದ್ದಕ್ಕೆ ಬರೆದು ಕಳಿಸಿದೆ. ‘ಬ್ಲೆಂಡ್ ಇರಬಹುದು ಮೇಡಂ, 30% ಆದ್ರೂ ಉಣ್ಣೆ ಇರುತ್ತೆ.’ 100% ಹೋಗಿ 30%ಗೆ ಬಂತು! ಅದನ್ನೂ ನೋಡೇ ಬಿಡೋಣ ಅಂತ ಗಾಜಿನ ಲೋಟದಲ್ಲಿ ಕ್ಲೋರಿನ್ ಬ್ಲೀಚ್ ಹಾಕಿ ಒಂದು ತುಂಡು ಮುಳುಗಿಸಿಟ್ಟೆ. ಉಣ್ಣೆ ಬ್ಲೀಚ್‌ನಲ್ಲಿ ಕರಗಿ ಹೋಗುತ್ತದೆ. ಬೆಳಗ್ಗೆ ನೋಡಿದರೆ ದಾರ ಇದ್ದ ಹಾಗೇ ಇದೆ, ತೆಳುವೂ ಆಗಿಲ್ಲ. ಆ ಫೋಟೋನೂ ಕಳಿಸಿದೆ.

ತೂಕದ ಬಗ್ಗೆ ಕೇಳಿದರೆ: ‘ಹವಾಮಾನಕ್ಕೆ ತೂಕ ಕಮ್ಮಿ ಆಗುತ್ತೆ.’ 22 ಗ್ರಾಂ? ಹವಾಮಾನಕ್ಕೆ?

ದುಡ್ಡು ವಾಪಸ್ ಕೊಡಿ ಅಂದೆ. ‘ಪ್ಯಾಕೆಟ್ ಓಪನ್ ಮಾಡುವ ವಿಡಿಯೋ ಇದೆಯಾ? ಇಲ್ಲ ಅಂದ್ರೆ ರಿಟರ್ನ್ ಇಲ್ಲ.’ ಆಂಟಿಯ ಹತ್ತಿರ ವಿಡಿಯೋ ಇತ್ತು, ಅವರ ಮೊಮ್ಮಗ ಮಾಡಿದ್ದ. ಅವರಿಗೆ ಸಿಕ್ಕ ಉತ್ತರ: ‘ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ.’ ನಾನು ಹಿಂದಿನ ವಾರವಷ್ಟೇ ಮಾಡಿದ್ದೆ! ಕೊನೆಗೆ ಇಬ್ಬರನ್ನೂ ಬ್ಲಾಕ್ ಮಾಡಿದರು.

ಸಿಟ್ಟು ಬರೀ ದುಡ್ಡಿನದಲ್ಲ. ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುವ ದಾರವನ್ನು ‘ಬೇಬಿ ಉಣ್ಣೆ’ ಅಂತ ಮಾರುತ್ತಿದ್ದಾರಲ್ಲ, ಅದು. ಅಡುಗೆಮನೆಯಲ್ಲಿ ಒಲೆ ಹತ್ತಿರ ಮಗು ಎತ್ತಿಕೊಂಡು ನಿಲ್ಲದ ಮನೆ ಯಾವುದಿದೆ?

ಗೊತ್ತಿಲ್ಲದ ಕಡೆ ತರಿಸುವುದಾದರೆ ಒಂದೇ ಉಂಡೆ ತರಿಸಿ, ಕ್ಯಾಶ್ ಆನ್ ಡೆಲಿವರಿಯಲ್ಲಿ. ಬಿಚ್ಚುವಾಗ ವಿಡಿಯೋ ಮಾಡಿ, ತೂಗಿ, ಒಂದು ತುಂಡು ಸುಟ್ಟು ನೋಡಿ. ಲೇಬಲ್ ಓದಿ. ಪ್ಯಾಕ್ ಮಾಡಿದ ವಸ್ತುವಿನ ಮೇಲೆ ತಯಾರಕರ ಹೆಸರು, ವಿಳಾಸ, ತೂಕ, ಎಂಆರ್‌ಪಿ ಇರಲೇಬೇಕು ಅಂತ 2011ರ ನಿಯಮವೇ ಇದೆ. ಇವರ ಲೇಬಲ್ ಮೇಲೆ ಕುರಿಮರಿ ಬಿಟ್ಟರೆ ಯಾರ ವಿಳಾಸವೂ ಇಲ್ಲ, ಡೈ ಲಾಟ್ ನಂಬರೂ (ಒಟ್ಟಿಗೆ ಬಣ್ಣ ಹಾಕಿದ ಉಂಡೆಗಳಿಗೆ ಕೊಡುವ ನಂಬರ್) ಇಲ್ಲ. ಮೋಸ ಹೋಗಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನಾನು ಮಾಡಿದ್ದೇನೆ, ದೂರಿನ ನಂಬರ್ ಬಂದಿದೆ. ಚಾಟ್, ಯುಪಿಐ ರಸೀದಿ ಯಾವುದನ್ನೂ ಅಳಿಸಬೇಡಿ.

ನಿನ್ನೆ ವಾರಗಿತ್ತಿಯ ಫೋನಿಗೆ ಅದೇ ಕುರಿಮರಿ ಮತ್ತೆ ಬಂದಿದೆ. ಪೇಜಿನ ಹೆಸರು ಬೇರೆ, ಫೋಟೋಗಳು ಅವೇ. ಈ ಸಲ ‘ಕಾಶ್ಮೀರಿ ಪಶ್ಮಿನಾ ಉಂಡೆ’ಯಂತೆ, 199 ರೂಪಾಯಿ.